ನಲವತ್ತೊಂದನೆಯ ಸಾಲು

"ಇನ್ನೊಮ್ಮಿ ಒತ್ತು," ಎಂದೆ.

ಸುಶ್ಮಿತಾ ಒತ್ತಿದಳು. ಮಾಲು ಇಟ್ಟವರ ಫೋನಿಗೆ ಬರುವ ಓಟಿಪಿ ತುಂಬುವ ಜಾಗ ಖಾಲಿಯೇ ಇತ್ತು. ಆದರೂ ಪರದೆಯ ಮೇಲೆ ಹಸಿರು ಪಟ್ಟಿ ಮೂಡಿತು: ಗೇಟ್ ಪಾಸ್ ಮಂಜೂರು.

"ಈಗ ಸುಳ್ಳು ಅಂಕಿ ಹಾಕು. ಒಂದು, ಎರಡು, ಮೂರು, ನಾಕು."

ಅದಕ್ಕೂ ಹಸಿರೇ ಬಂತು.

ಬ್ಯಾಡಗಿಯ ಆ ಕೋಲ್ಡ್ ಸ್ಟೋರೇಜಿನ ಆಫೀಸಿನಲ್ಲಿ ಎರಡು ಫ್ಯಾನು ತಿರುಗುತ್ತಿದ್ದರೂ ನನ್ನ ಬೆನ್ನು ಬೆವರಿತು. ಮೂರು ವಾರದ ಹಿಂದೆ ಇಲ್ಲಿಂದ ಬೀಜಕ್ಕೆಂದು ಆರಿಸಿಟ್ಟಿದ್ದ ಹದಿನೆಂಟು ಚೀಲ ಮೆಣಸಿನಕಾಯಿ ಮಾಯವಾಗಿತ್ತು. ಗೇಟು ಕಾಯುವ ಹಮಾಲ ಫಕ್ಕೀರಪ್ಪನೇ ಕಳ್ಳರ ಜೊತೆ ಸೇರಿ ಬಿಟ್ಟುಕೊಟ್ಟಿದ್ದಾನೆ ಎಂದು ಕಳೆದ ವಾರ ಹತ್ತು ಮಂದಿಯ ಎದುರು ಸಾರಿದವಳು ನಾನು.

"ಗೇಟಿನ ಮಷೀನಿನ್ಯಾಗ ಹಸಿರು ಬಂದಿತ್ರಿ ಬಾಯಾರ, ಅದಕ್ಕ ಗೇಟ್ ತಗದೆ," ಎಂದು ಆ ಮುದುಕ ಅಂದಿದ್ದ.

"ಓಟಿಪಿ ಇಲ್ಲದ ಹಸಿರು ಹೆಂಗ ಬರತೈತಿ? ಮಷೀನು ಸುಳ್ಳು ಹೇಳೂದಿಲ್ಲ," ಎಂದು ನಾನು ಗದರಿದ್ದೆ.

ಮಷೀನು ಈಗ ನನ್ನ ಎದುರಿಗೇ ಎರಡು ಸಲ ಸುಳ್ಳು ಹೇಳಿತ್ತು. ಗಂಟೆ ಹನ್ನೊಂದೂವರೆ. ಒಂದು ಗಂಟೆಗೆ ಮಾರ್ಕೆಟ್ ಯಾರ್ಡಿನ ತಗಡಿನ ಶೆಡ್ಡಿನಲ್ಲಿ ಹಮಾಲರು ಸಭೆ ಸೇರಿ ಫಕ್ಕೀರಪ್ಪನ ಬಿಲ್ಲೆ ಕಸಿದುಕೊಳ್ಳುವವರಿದ್ದರು. ಬಿಲ್ಲೆ ಹೋದರೆ ಬ್ಯಾಡಗಿಯಲ್ಲಿ ಅವನ ಹೆಗಲಿಗೆ ಒಂದು ಚೀಲವನ್ನೂ ಯಾರೂ ಏರಿಸುವುದಿಲ್ಲ. ಅರವತ್ತು ದಾಟಿದವನಿಗೆ ಕಳ್ಳ ಅನ್ನುವ ಹೆಸರು ಬಂದರೆ ಅದು ಸಾಯುವ ತನಕ ಉಳಿಯುತ್ತದೆ.

"ಕೋಡ್ ತೆಗಿ," ಎಂದೆ.

ಅಗಡಿಯಿಂದ ದಿನಾ ಬಸ್ಸಿಗೆ ಬರುವ ಸುಶ್ಮಿತಾಗೆ ಇಪ್ಪತ್ನಾಲ್ಕು ವಯಸ್ಸು. ಈ ಕೋಲ್ಡ್ ಸ್ಟೋರೇಜಿನ ವೆಬ್‌ಸೈಟು ಅವಳ ಮೊದಲ ಕೆಲಸ. ರಾಣೆಬೆನ್ನೂರಿನ ರವಿವಾರದ ಪೈಥಾನ್ ಕ್ಲಾಸಿನಲ್ಲಿ ನಾವಿಬ್ಬರೂ ಒಂದೇ ಬೆಂಚು. ಐವತ್ನಾಲ್ಕರ ವಯಸ್ಸಿನಲ್ಲಿ ನನಗೆ ಇದು ಯಾಕೆ ಬೇಕಿತ್ತು ಎಂದು ಕೇಳಬೇಡಿ. ಪೊಲೀಸ್ ಠಾಣೆಯಲ್ಲಿ ಇಪ್ಪತ್ತಾರು ವರ್ಷ ರೈಟರ್ ಕೆಲಸ ಮಾಡಿ, ಹೆಡ್ ಕಾನ್‌ಸ್ಟೇಬಲ್ ಆಗಿ ಹೊರಗೆ ಬಂದವಳು ನಾನು, ಅದಕ್ಕೇ ಕೋಲ್ಡ್ ಸ್ಟೋರೇಜಿನ ಮಾಲಕರು ಈ ಕಳ್ಳತನದ ಪತ್ತೆಯನ್ನು ನನಗೆ ಒಪ್ಪಿಸಿದ್ದರು. ಪುಷ್ಪಲತಾ ಮೇಡಂಗೆ ಕಂಪ್ಯೂಟರ್ ಹತ್ತುವುದಿಲ್ಲ ಎಂದು ಹುಡುಗರು ನಕ್ಕಿದ್ದರು, ನಾನು ಹಟ ಹಿಡಿದೆ, ಅಷ್ಟೇ.

ಪರದೆಯ ಮೇಲೆ ಸಾಲುಗಳು ಬಂದವು. ಮೂವತ್ತೊಂಬತ್ತನೆಯ ಸಾಲು, ಓಟಿಪಿ ಹೊಂದಿದರೆ. ನಲವತ್ತನೆಯ ಸಾಲು, ಹೊಂದಿದ ಹೊತ್ತನ್ನು ದಾಖಲಿಸು. ನಲವತ್ತೊಂದನೆಯದು, ಪಾಸ್ ಮಂಜೂರು ಮಾಡು.

ಪೈಥಾನಿನಲ್ಲಿ ಸಾಲಿನ ಮುಂದೆ ಎಷ್ಟು ಜಾಗ ಬಿಟ್ಟಿದ್ದೀರಿ ಎನ್ನುವುದರ ಮೇಲೆ ಆ ಸಾಲು ಯಾರ ಮಾತು ಕೇಳಬೇಕು ಎಂಬುದು ನಿಂತಿರುತ್ತದೆ. 'ಹೊಂದಿದರೆ' ಎಂಬ ಸಾಲು ನಾಲ್ಕು ಸ್ಪೇಸ್ ಒಳಗಿತ್ತು. ಅದರ ಷರತ್ತಿಗೆ ಒಳಪಡುವ ಸಾಲುಗಳು ಎಂಟು ಸ್ಪೇಸ್ ಒಳಗಿರಬೇಕು. ನಲವತ್ತನೆಯದು ಎಂಟರಲ್ಲೇ ಇತ್ತು. ಬಾಣದ ಕೀಲಿ ಒತ್ತುತ್ತ ನಲವತ್ತೊಂದನೆಯದನ್ನು ಎಣಿಸಿದೆ.

ಬರೀ ನಾಲ್ಕು.

"ನೋಡಿದೇನು? ಈ ಸಾಲು ಷರತ್ತಿನ ಹೊರಗ ನಿಂತೈತಿ. ಓಟಿಪಿ ಹೊಂದಲಿ ಬಿಡಲಿ, ಪಾಸ್ ಸಿಕ್ಕಬಿಡತೈತಿ. ಮತ್ತ ಎರರ್ ಯಾಕ ಬರಲಿಲ್ಲ?"

"ನಾಕು ಸ್ಪೇಸಿನ ಸಾಲು ಮ್ಯಾಲೂ ಅದಾವಲ್ರಿ ಅಕ್ಕಾರ. ಯಾವುದರ ಒಂದು ಸಾಲಿನ ನೇರಕ್ಕ ಬಂತಂದ್ರ ಪೈಥಾನ್ ಸುಮ್ಮನಿರತೈತಿ," ಎಂದಳು ಅವಳು. ದನಿ ಬಾವಿಯೊಳಗಿಂದ ಬಂದ ಹಾಗಿತ್ತು.

ಅವಳ ಎಡಿಟರ್ ಪ್ರತಿ ಸಲ ಸೇವ್ ಮಾಡಿದಾಗಲೂ ಹಳೆಯ ಪ್ರತಿಯನ್ನು ತೆಗೆದಿಟ್ಟುಕೊಳ್ಳುತ್ತದೆ ಎಂದು ನನಗೆ ಗೊತ್ತಿತ್ತು. ಹಿಂದಕ್ಕೆ ಹೋದೆವು. ಮೇ ಹನ್ನೊಂದು, ರವಿವಾರ. ಬೆಳಿಗ್ಗೆ ಹನ್ನೊಂದು ಗಂಟೆ ಐವತ್ತೆರಡು ನಿಮಿಷಕ್ಕೆ ಈ ಸಾಲು ಮೊದಲ ಸಲ ಹುಟ್ಟಿದೆ. ಆಗ ಅದರ ಮುಂದೆ ಇದ್ದದ್ದು ಐದು ಸ್ಪೇಸ್. ಐದು ಯಾವ ಸಾಲಿಗೂ ಹೊಂದದ ಲೆಕ್ಕ, ಇಂಡೆಂಟೇಶನ್ ಎರರ್ ಬಂದಿರಲೇಬೇಕು. ಎರಡು ನಿಮಿಷದ ನಂತರ ಯಾರೋ ಒಂದು ಸ್ಪೇಸ್ ಅಳಿಸಿ ನಾಲ್ಕಕ್ಕೆ ಇಳಿಸಿದ್ದಾರೆ. ಎರರ್ ಹೋಗಿದೆ, ಗೇಟು ತೆರೆದುಕೊಂಡಿದೆ.

ಐದು ಎಂಬುದನ್ನು ಕಂಡದ್ದೇ ತಡ, ನನ್ನೊಳಗಿನ ಪತ್ತೇದಾರಿಣಿ ಕುಣಿದು ಎದ್ದಳು.

"ಸುಶ್ಮಿತಾ, ಕೇಳಿಲ್ಲೆ. ನಿಮ್ಮ ವಯಸ್ಸಿನಾವ್ರು ಟ್ಯಾಬ್ ಒತ್ತತೀರಿ. ಇದು ಹಳೇ ಟೈಪಿಂಗ್ ಮಷೀನಿನ ಮ್ಯಾಲೆ ಕಲತ ಕೈ. ನಮ್ಮ ಇನ್‌ಸ್ಟಿಟ್ಯೂಟಿನ್ಯಾಗ ಹೊಸ ಪ್ಯಾರಾ ಅಂದ್ರ ಐದು ಸ್ಪೇಸ್. ನಾಕು ಬಿಟ್ರ ಮಾಸ್ತರು ಬೆರಳಿನ ಗೆಣ್ಣಿಗೆ ರೂಲರಿಲೆ ಹೊಡೀತಿದ್ರು. ಜೂನಿಯರ್, ಸೀನಿಯರ್ ಪಾಸಾದಾವ್ರ ಕೈ ಸಾಯೂತನಕ ಐದ ಬಡೀತಾವ."

"ಇರಬಹುದ್ರಿ ಅಕ್ಕಾರ," ಎಂದಳು ಸುಶ್ಮಿತಾ. ವೇಲಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಹುಡುಗಿಗೆ ಕಳ್ಳ ಯಾರೆಂದು ಗೊತ್ತಿದೆ, ಅವನಿಗೆ ಹೆದರಿದ್ದಾಳೆ ಎಂದುಕೊಂಡೆ.

"ಈ ಆಫೀಸಿನ್ಯಾಗ ಟೈಪಿಂಗ್ ಪಾಸಾದಾವ್ರು ಯಾರದಾರ?"

ಅವಳು ವೇಲಿನ ಅಂಚನ್ನು ಬಿಟ್ಟು ಬಾಗಿಲ ಕಡೆ ನೋಡಿದಳು. ಆಮೇಲೆ, "ಪುಂಡಲೀಕಣ್ಣಾರು," ಎಂದಳು.

ಗುಮಾಸ್ತ ಪುಂಡಲೀಕ ಸೀನುತ್ತಲೇ ಒಳಗೆ ಬಂದ. ಈ ಊರಿನಲ್ಲಿ ಮೆಣಸಿನಕಾಯಿ ಘಾಟಿಗೆ ಸೀನದವರು ಯಾರೂ ಇಲ್ಲ, ಆದರೆ ಹದಿನೇಳು ವರ್ಷ ಇಲ್ಲೇ ಕೂತವನೂ ಸೀನುತ್ತಿದ್ದಾನೆಂದರೆ ಅಂಜಿಕೆ ಇರಬೇಕು ಎಂದು ನನ್ನ ತಲೆ ಲೆಕ್ಕ ಹಾಕಿತು. ಒಮ್ಮೆ ಒಬ್ಬನ ಮೇಲೆ ಸಂಶಯ ಕೂತರೆ ಅವನ ಸೀನೂ ಸಾಕ್ಷಿಯಾಗಿಬಿಡುತ್ತದೆ.

"ಒಂದು ಅರ್ಜಿ ಟೈಪ್ ಮಾಡ್ರಿ. ನಾಕು ಸಾಲು ಸಾಕು."

"ಯಾರಿಗೆ ಮೇಡಂ?"

"ಯಾರಿಗರೆ ಮಾಡ್ರಿ."

ಅವನು ಕನ್ನಡಕ ಏರಿಸಿಕೊಂಡು ಕೂತ. 'ಮಾನ್ಯರೇ' ಎಂದು ಹೊಡೆದ, ಕೆಳಗಿನ ಸಾಲಿಗೆ ಇಳಿದ. ಹೆಬ್ಬೆರಳು ಸ್ಪೇಸ್ ಬಾರಿನ ಮೇಲೆ ಬಿತ್ತು. ಒಂದು, ಎರಡು, ಮೂರು, ನಾಲ್ಕು, ಐದು.

"ಸಾಕು, ಕೈ ತೆಗೀರಿ," ಎಂದೆ. "ಮೇ ಹನ್ನೊಂದಕ್ಕ ಎಲ್ಲಿದ್ರಿ?"

"ನೆನಪಿಲ್ರಿ."

"ರವಿವಾರ."

"ರವಿವಾರ ಅಂದ್ರ ಮನ್ಯಾಗ ಇರ್ತೇನ್ರಿ. ನಮ್ಮವ್ವಗ ಜಳಕಾ ಮಾಡಸೂದು ನನ್ನ ಕೆಲಸ. ಆಕಿಗೆ ಎದ್ದು ಕುಂದ್ರಾಕ ಆಗೂದಿಲ್ಲ."

"ಸುಶ್ಮಿತಾನ ಲ್ಯಾಪ್‌ಟಾಪ್ ಮುಟ್ಟೀರಿಲ್ಲೋ?"

"ದೇವರಾಣಿ ಮುಟ್ಟಿಲ್ರಿ."

"ಹದಿನೆಂಟು ಚೀಲ ಎಲ್ಲಿ ಅದಾವ ಪುಂಡಲೀಕ?"

ನಾನು 'ರಿ' ಬಿಟ್ಟಿದ್ದು ಅವನಿಗೆ ತಟ್ಟಿತು. ಕನ್ನಡಕ ತೆಗೆದು ಮೇಜಿನ ಮೇಲೆ ಇಟ್ಟ.

"ಹದಿನೇಳು ವರ್ಷದಾಗ ನನ್ನ ಮುಂದ ನಿಂತು ಈ ಮಾತು ಯಾರೂ ಕೇಳಿಲ್ರಿ ಮೇಡಂ. ನೀವು ಕೇಳೀರಿ. ಫಕ್ಕೀರಪ್ಪಗ ಹೋದ ವಾರ ಕೇಳಿದ್ರಿ. ಬರೂ ವಾರ ಯಾರಿಗೆ ಕೇಳವ್ರು?"

ಹೇಳಲು ನಾಚಿಕೆಯಾಗುತ್ತದೆ, ಆ ಗಳಿಗೆಯಲ್ಲಿ ನನಗೆ ಖುಷಿಯಾಗಿತ್ತು. ಗುರಿ ಮುಟ್ಟಿದವರು ಹೀಗೇ ಸಿಟ್ಟಾಗುತ್ತಾರೆ ಎಂದು ಒಳಗೊಳಗೇ ಬೀಗುತ್ತ, ಮಾಲಕರಿಗೆ ಹೇಳಲು ಫೋನು ತೆಗೆದೆ.

"ಅಕ್ಕಾರ, ಫೋನ್ ಹಚ್ಚಬ್ಯಾಡ್ರಿ!"

ಸುಶ್ಮಿತಾ ಎದ್ದು ನಿಂತಿದ್ದಳು. ಅಳುತ್ತಿದ್ದಳು.

"ಅಣ್ಣಾರ್ದು ಏನೂ ತಪ್ಪಿಲ್ರಿ. ಆ ಸಾಲು ನೀವ ಹೊಡದಿದ್ರಿ."

"ಏನಂದಿ?"

"ಮೇ ಹನ್ನೊಂದಕ್ಕ ನಾವು ರಾಣೆಬೆನ್ನೂರ ಕ್ಲಾಸಿನ್ಯಾಗ ಇದ್ವಲ್ರಿ. ನಮ್ಮವ್ವನ ಫೋನ್ ಬಂತು. ನಾ ಹೊರಗ ಮೆಟ್ಟಲ ಮ್ಯಾಲೆ ಹೋಗಿ ಮಾತಾಡಿ ಬರೂತನಕ ನನ್ನ ವಹಿ ನೋಡಿ ಈ ಒಂದು ಸಾಲು ಹೊಡದಿಡ್ರಿ ಅಂತ ನಿಮಗ ಕೊಟ್ಟಿದ್ದೆ. ಬಂದ ಮ್ಯಾಲೆ ನೀವು, ಕೆಂಪ ಬಂದಿತ್ತವಾ, ಒಂದು ಸ್ಪೇಸ್ ಹೆಚ್ಚಾಗಿತ್ತು, ತಗದೇನಿ, ಈಗ ಸರಿ ಆತು ಅಂದ್ರಿ."

ನನಗೆ ಒಂದೊಂದೇ ನೆನಪಾಯಿತು. ನನ್ನ ಕೈ ಚುರುಕು ಎಂದು ಕ್ಲಾಸಿನಲ್ಲಿ ಎಲ್ಲರೂ ತಮ್ಮ ತಮ್ಮ ಸಾಲುಗಳನ್ನು ನನ್ನ ಕೈಗೆ ಕೊಡುತ್ತಿದ್ದರು, ನಾನು ಎಲ್ಲರದ್ದನ್ನೂ ಹೊಡೆದುಕೊಡುತ್ತಿದ್ದೆ. ಆವತ್ತು ಕೆಂಪು ಅಕ್ಷರದಲ್ಲಿ ಇಂಡೆಂಟೇಶನ್ ಎರರ್ ಬಂದದ್ದೂ, ಯಾರನ್ನೂ ಕೇಳದೆ ನಾನೇ ಸರಿಪಡಿಸಿದೆ ಎಂದು ಹಾವೇರಿಗೆ ಹೋಗುವ ಬಸ್ಸಿನಲ್ಲಿ ನನಗೆ ನಾನೇ ಶಹಬ್ಬಾಸ್ ಅಂದುಕೊಂಡದ್ದೂ ನೆನಪಾಯಿತು.

ನಾನು ಆ ಸಾಲನ್ನು ಓದಿರಲಿಲ್ಲ. ಕೆಂಪು ಹೋದರೆ ಸಾಕಾಗಿತ್ತು. ಠಾಣೆಯಲ್ಲೂ ಹಾಗೇ ಮಾಡಿದವಳು, ಸಾಹೇಬರು ಹೇಳಿದ ಹೇಳಿಕೆಗಳನ್ನೆಲ್ಲ ಒಂದಕ್ಷರ ತಪ್ಪಿಲ್ಲದೆ ಹೊಡೆದು, ಅದರಲ್ಲಿ ಏನಿದೆ ಎಂದು ಒಂದು ದಿನವೂ ತಲೆ ಕೆಡಿಸಿಕೊಳ್ಳದವಳು.

"ನಿನಗ ಯಾವಾಗ ಗೊತ್ತಾತು?"

"ಹೋದ ವಾರ ನೀವು ಫಕ್ಕೀರಪ್ಪಜ್ಜಗ ಬೈದ್ರಲ್ಲ, ಮರುದಿನ ತಗದು ನೋಡಿದೆ. ನನ್ನ ಬಾಯಿಲೆ ಹೆಂಗ ಹೇಳ್ಲಿ ಅಂತ ತಿಳೀಲಿಲ್ಲ. ನೀವ ನೋಡ್ಲಿ ಅಂತ ಇವತ್ತ ಕರದೆ. ನೀವು ಐದು ಸ್ಪೇಸ್ ಅಂದಾಗ ನೆನಪಾಗತೈತಿ ಅನಕೊಂಡಿದ್ದೆ, ನೀವು ಅಣ್ಣಾರ್ನ ಹಿಡಕೊಂಡ್ರಿ."

ನೆಲ ಬಾಯಿ ಬಿಡಬಾರದೇ ಅನ್ನಿಸಿತು. ನನ್ನ ಮರ್ಯಾದೆ ಉಳಿಸಲು ಈ ಹುಡುಗಿ ಒಂದು ವಾರ ಒದ್ದಾಡಿದ್ದಾಳೆ. ನಾನು ಅದನ್ನು ಹೆದರಿಕೆ ಎಂದು ಓದಿದೆ.

ಪುಂಡಲೀಕ ಎದ್ದು ಹೋದ. ಬೈಯಲು ಯಾರನ್ನಾದರೂ ಕರೆತರುತ್ತಾನೆ ಎಂದುಕೊಂಡರೆ, ಒಂದು ತಂಬಿಗೆ ನೀರು ತಂದು ನನ್ನ ಮುಂದೆ ಇಟ್ಟ.

"ಕುಡೀರಿ ಮೇಡಂ. ಇದು ಈ ಖೋಲಿಯೊಳಗಿನ ಮಾತು. ಸರ್ವರ್ ಕೆಟ್ಟಿತ್ತು ಅಂತ ಹೇಳಿಬಿಡ್ರಿ. ಹಮಾಲರಿಗೆ ಏನ ತಿಳೀತೈತಿ, ಮಾಲಕರಿಗರೆ ಏನ ತಿಳೀತೈತಿ."

ಐದು ನಿಮಿಷದ ಕೆಳಗೆ ನಾನು ಕಳ್ಳ ಅಂದವನು ನೀರು ಕೊಡುತ್ತಿದ್ದ. ಅವನು ಹೇಳಿದ ದಾರಿ ನನಗೆ ಹಿಡಿಸಿತ್ತು ಎಂಬುದನ್ನೂ ಒಪ್ಪಿಕೊಳ್ಳುತ್ತೇನೆ. ಒಂದು ಗುಟುಕು ಕುಡಿಯುವಷ್ಟು ಹೊತ್ತು ನಾನು ಅದನ್ನೇ ಯೋಚಿಸಿದೆ. ಆದರೆ ಸೈಟು ಕೆಟ್ಟಿತ್ತು ಎಂದರೆ, ಸೈಟು ಮಾಡಿದವಳು ಯಾರು ಎಂದು ಕೇಳುತ್ತಾರೆ. ಮುದುಕನನ್ನು ಬಿಡಿಸಿ ಹುಡುಗಿಯನ್ನು ಕಟ್ಟಿಹಾಕಿದಂತಾಗುತ್ತದೆ.

ಸುಶ್ಮಿತಾ ಕಣ್ಣೊರೆಸಿಕೊಂಡು ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು.

"ನೀವ ಸರಿ ಮಾಡ್ರಿ ಅಕ್ಕಾರ."

ನಲವತ್ತೊಂದನೆಯ ಸಾಲಿನ ಮುಂದೆ ಹೋಗಿ ನಾಲ್ಕು ಸಲ ಸ್ಪೇಸ್ ಬಾರ್ ಒತ್ತಿದೆ. ಸಾಲು ಸರಿದು ನಲವತ್ತನೆಯದರ ಕೆಳಗೆ ನೇರವಾಗಿ ನಿಂತಿತು. ಈ ಸಲ ಮೂರು ಸಾಲನ್ನೂ ಬಾಯಿಬಿಟ್ಟು ಓದಿದೆ. ಸೇವ್ ಮಾಡಿ, ಓಟಿಪಿ ಹಾಕದೆ ಗುಂಡಿ ಒತ್ತಿದೆ. ಪರದೆ ಕೆಂಪಾಯಿತು: ಪಾಸ್ ಇಲ್ಲ.

ಪುಂಡಲೀಕನಿಗೆ ಕೈ ಮುಗಿದೆ. ಅವನು ಮುಖ ಬೇರೆ ಕಡೆ ತಿರುಗಿಸಿದ. ನೀರು ಕೊಟ್ಟಿದ್ದ, ಕ್ಷಮೆ ಕೊಡಲಿಲ್ಲ. ಅದು ಅವನ ಹಕ್ಕು.

ಯಾರ್ಡಿನ ಶೆಡ್ಡಿಗೆ ನಡೆದೇ ಹೋದೆ. ನಲವತ್ತು ಮಂದಿ ಹಮಾಲರು ಖಾಲಿ ಚೀಲ ಹಾಸಿಕೊಂಡು ಕೂತಿದ್ದರು. ನಡುವೆ ಫಕ್ಕೀರಪ್ಪ, ಹಿತ್ತಾಳೆಯ ಬಿಲ್ಲೆಯನ್ನು ಆಗಲೇ ತೋಳಿನಿಂದ ಬಿಚ್ಚಿ ಅಂಗೈಯಲ್ಲಿ ಹಿಡಿದುಕೊಂಡಿದ್ದ. ಹಮಾಲರ ಮುಖಂಡನಾದ ಮುಕಾದಮನ ಪಕ್ಕದ ಕುರ್ಚಿಯಲ್ಲಿ ಸುನೀಲಕುಮಾರ ಇದ್ದ. ಕುಪ್ಪೇಲೂರಿನವನು, ಮೂವತ್ತರ ಆಸುಪಾಸು, ಮಾಯವಾದ ಚೀಲಗಳು ಅವನ ಹೆಸರಿನಲ್ಲಿದ್ದವು. ಓಟಿಪಿ ಬರಬೇಕಾದದ್ದು ಅವನ ಫೋನಿಗೆ, ತಾನು ಅದನ್ನು ಯಾರಿಗೂ ಕೊಟ್ಟಿಲ್ಲ ಎಂದು ದೂರು ತಂದವನೂ ಅವನೇ.

"ಬರ್ರಿ ಬಾಯಾರ, ನಿಮ್ಮ ದಾರಿನ ಕಾಯಾಕತ್ತಿದ್ವಿ," ಎಂದ ಮುಕಾದಮ. "ಕಳ್ಳನ ಹೆಸರು ಮಂದಿ ಮುಂದ ಇನ್ನೊಮ್ಮಿ ಹೇಳಿಬಿಡ್ರಿ."

ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಮರೆತುಹೋಯಿತು.

"ಫಕ್ಕೀರಪ್ಪ ಕಳ್ಳ ಅಲ್ಲ," ಎಂದೆ. "ತಪ್ಪು ನಂದು. ಗೇಟ್ ಪಾಸಿನ ಕಂಪ್ಯೂಟರಿನ್ಯಾಗ ಒಂದು ಸಾಲು ನಾ ಹೊಡದಿದ್ದೆ. ಒಳಗ ಇರಬೇಕಾದ ಸಾಲನ್ನ ಹೊರಗ ಇಟ್ಟೆ. ಕೀಲಿ ಹಾಕೇನಿ ಅನಕೊಂಡು ಬಾಗಲಾ ತಗದಿಟ್ಟು ಬಂದಂಗಾತು. ಯಾರು ಒತ್ತಿದ್ರೂ ಹಸಿರು ಬರತಿತ್ತು. ಅಜ್ಜ ಹಸಿರು ಬಂದಿತ್ತು ಅಂದದ್ದು ಖರೇ. ಸೈಟ್ ಮಾಡಿದ ಹುಡುಗಿದೂ ಏನೂ ತಪ್ಪಿಲ್ಲ. ನಾ ಖರೇ ಹೇಳಿದಾವನ್ನ ಕಳ್ಳ ಅಂದೆ."

ಹಿಂದಿನಿಂದ ಯಾರೋ, "ಪೊಲೀಸಕ್ಕಗ ಟೈಪ್ ಮಾಡಾಕ ಬರೂದಿಲ್ಲಂತಲೇ," ಎಂದ. ನಗು ಶೆಡ್ಡಿನ ತುಂಬ ಹರಡಿತು. ಮುಕಾದಮ ಕೈ ಎತ್ತಿದ ಮೇಲೂ ನಾಲ್ಕಾರು ಮಂದಿ ಟವೆಲ್ಲಿನಲ್ಲಿ ಬಾಯಿ ಮುಚ್ಚಿಕೊಂಡು ನಗುತ್ತಲೇ ಇದ್ದರು. ಮೇಲೆ ನೋಡಲಾಗದೆ ನೆಲದ ಮೇಲೆ ಚೆಲ್ಲಿದ ಮೆಣಸಿನ ಬೀಜ ನೋಡುತ್ತ ನಿಂತೆ.

ಫಕ್ಕೀರಪ್ಪ ಮಾತ್ರ ನಗಲಿಲ್ಲ. ಮೊಣಕಾಲಿಗೆ ಕೈ ಊರಿ ಎದ್ದ.

"ಬಾಯಾರ, ಹಸಿರು ಬಂದಿತ್ತು, ಖರೇ. ಆದ್ರ ಕೆಂಪ ಬಂದಿದ್ರೂ ನಾ ಆವತ್ತ ಗೇಟ್ ತಗೀತಿದ್ದೆ."

ಟವೆಲ್ಲುಗಳು ಬಾಯಿಂದ ಕೆಳಗಿಳಿದವು.

"ಏನಂತಿ ಅಜ್ಜ?" ಎಂದೆ.

"ನೀವು ನನಗ ಗೇಟ್ ತಗದಿಯೋ ಇಲ್ಲೋ ಅಂತ ಕೇಳಿದ್ರಿ. ಹಸಿರು ಬಂತೋ ಇಲ್ಲೋ ಅಂತ ಕೇಳಿದ್ರಿ. ಟೆಂಪೋದಾಗ ಯಾರ ಕುಂತಿದ್ರು ಅಂತ ಒಮ್ಮಿನೂ ಕೇಳಲಿಲ್ಲ."

ಅವನು ಹೇಳಿದ್ದು ನಿಜ. ಮೂರು ವಾರದಲ್ಲಿ ಮೂರು ಸಲ ಅವನನ್ನು ಕರೆಸಿ ಕೂರಿಸಿದ್ದೆ. ಪತ್ತೇದಾರಿಕೆಯ ಮೊದಲ ಪ್ರಶ್ನೆಯನ್ನೇ ನಾನು ಕೇಳಿರಲಿಲ್ಲ. ಉತ್ತರ ನನಗೆ ಮೊದಲೇ ಗೊತ್ತಿದೆ ಅನ್ನುವ ಸೊಕ್ಕು.

"ಈಗ ಕೇಳತೇನಿ. ಯಾರಿದ್ರು?"

"ಹೇಳೂದಿಲ್ಲ ಅಂತ ಮಾತು ಕೊಟ್ಟಿದ್ನಿ. ಅದಕ್ಕ ಕಳ್ಳ ಅಂದ್ರೂ ಸುಮ್ಮನಿದ್ದೆ. ಆದ್ರ ನೀವು ಇಷ್ಟು ಮಂದಿ ಮುಂದ ನಿಮ್ಮ ತಪ್ಪು ಒಪಗೊಂಡು ನಿಂತ ಮ್ಯಾಲೆ, ನಾ ಬಾಯಿ ಮುಚಗೊಂಡು ಬಿಲ್ಲೆ ಕಟಗೊಳ್ಳಾಕ ಆಗೂದಿಲ್ಲ." ಅವನು ಸುನೀಲಕುಮಾರನ ಕಡೆ ತಿರುಗಿದ. "ತಮ್ಮಾ, ಟೆಂಪೋದಾಗ ಇದ್ದಾಕಿ ನಿಮ್ಮವ್ವ. ಶಾರದವ್ವ. ವರ್ಷಾ ವರ್ಷಾ ಚೀಲ ಇಡಾಕ ಬರೂ ಹೆಣ್ಣಮಗಳನ್ನ ನಾ ಏನಂತ ತಡೀಲಿ? ನನ್ನ ಮಗಗ ಹೇಳಬ್ಯಾಡ ಅಣ್ಣಾ ಅಂತ ಕೈ ಮುಗದ್ಲು. ನಿಮ್ಮೂರಿಗೆ ಹೋಗೂ ರಾಣೆಬೆನ್ನೂರ ದಾರಿ ಹಿಡೀಲಿಲ್ಲ. ಟೆಂಪೋ ಹಾವೇರಿ ಕಡೆ ಹೊಳ್ಳಿತು."

ಎಲ್ಲರೂ ಸುನೀಲಕುಮಾರನನ್ನು ನೋಡಿದರು. ಅವನು ಸಿಟ್ಟಾಗುತ್ತಾನೆ, ಸುಳ್ಳು ಅನ್ನುತ್ತಾನೆ ಎಂದು ಕಾದೆ. ಅವನ ಮುಖ ಬೂದಿಯಾಗಿತ್ತು.

"ನಿಮ್ಮ ತಾಯಿ ಈಗ ಎಲ್ಲಿ ಅದಾರ?" ಎಂದೆ.

"ಗೊತ್ತಿಲ್ರಿ."

"ಗೊತ್ತಿಲ್ಲ ಅಂದ್ರ?"

"ಆವತ್ತಿಂದ ಮನಿಗೆ ಬಂದಿಲ್ರಿ. ತಂಗಿ ಮನಿಯೊಳಗ ಅದಾಳ ಅಂತ ಊರಾಗ ಹೇಳೇನಿ. ತಂಗಿ ಮನಿಯೊಳಗೂ ಇಲ್ರಿ. ಚೀಲ ಆಕೀನ ಒಯ್ದಿರಬೇಕು, ಚೀಲ ಹುಡುಕಿಸಿದ್ರ ಅವ್ವ ಸಿಗತಾಳ ಅನಕೊಂಡು ಚೀಲದ ದೂರು ಕೊಟ್ಟೆ."

ಮೂರು ವಾರ ನಾನು ಮೆಣಸಿನಕಾಯಿ ಚೀಲ ಹುಡುಕುತ್ತಿದ್ದೆ. ಅಷ್ಟೂ ದಿನ ಒಬ್ಬ ಹೆಂಗಸು ಎಲ್ಲಿದ್ದಾಳೋ, ಇದ್ದಾಳೋ ಇಲ್ಲವೋ ಎಂದು ಯಾರೂ ಕೇಳಿರಲಿಲ್ಲ.

"ತಾಯಿ ಕಾಣಿಸವಲ್ರು ಅಂತ ಹೇಳಾಕ ನಿನಗೇನಾಗಿತ್ತೋ? ಈ ಮುದುಕನ್ನ ಕಳ್ಳ ಅಂದಾಗನೂ ಸುಮ್ಮನ ಕುಂತಿದ್ದೆಲ್ಲ!" ಎಂದೆ.

ಸುನೀಲಕುಮಾರ ಕುರ್ಚಿಯಿಂದ ಜಾರಿದವನಂತೆ ಫಕ್ಕೀರಪ್ಪನ ಕಾಲ ಹತ್ತಿರ ನೆಲಕ್ಕೆ ಕೂತ. ಅವನ ದನಿ ಕೇಳಲು ನಾನು ಬಗ್ಗಬೇಕಾಯಿತು.

"ಯಾಕ ಹೋದ್ಲು ಅಂತ ಕೇಳತಾರಲ್ರಿ. ಏನಂತ ಹೇಳ್ಲಿ? ಆವತ್ತ ಮುಂಜಾನೆ ನಾ ಅವ್ವನ ಮ್ಯಾಲೆ ಕೈ ಮಾಡಿದ್ದೆ."